ರಕ್ಷಣೆ ಮತ್ತು ಕಡೇವರೆಗಿನ ಸ್ಥಿರತೆ: ಸತ್ಯವೇದವನ್ನು ಓದುವ ಬಗೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಲ್ಲಿ ಬುಧವಾರ ಸಂಜೆ ನಡೆಯುವ ನಮ್ಮ ಸತ್ಯವೇದ ಅಧ್ಯಯನಕ್ಕೆ ಬರುವವರು ಒಂದೇ ಸಭೆಯವರಲ್ಲ. ಮೆಥೋಡಿಸ್ಟ್ ಸಭೆಯಲ್ಲಿ ಹುಟ್ಟಿ ಬೆಳೆದವರಿದ್ದಾರೆ, ಬಳ್ಳಾರಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆತನಗಳಿಂದ ಮದುವೆಯಾಗಿ ಈ ಊರಿಗೆ ಬಂದವರಿದ್ದಾರೆ, ಪೆಂತೆಕೊಸ್ತ್ ಪ್ರಾರ್ಥನಾ ಕೂಟಗಳಿಗೂ ಹೋಗುವವರಿದ್ದಾರೆ, ಒಂದು ದಿನ ಕೇಳಿ ಹೋಗೋಣವೆಂದು ಬಂದು ಉಳಿದುಕೊಂಡ ಕಥೋಲಿಕ ನೆರೆಯವರೂ ಇದ್ದಾರೆ. ಒಂದೇ ವಾಕ್ಯಕ್ಕೆ ನಾಲ್ಕು ದಿಕ್ಕಿನಿಂದ ನಾಲ್ಕು ಅರ್ಥ ಬರುವುದು ಅಲ್ಲಿ ಸಾಮಾನ್ಯ. ಹೊಂದಿದ ರಕ್ಷಣೆಯನ್ನು ಕಳೆದುಕೊಳ್ಳಬಹುದೇ ಎಂಬ ಪ್ರಶ್ನೆಯಂತೂ ವರ್ಷಕ್ಕೆ ಎರಡು ಸಲವಾದರೂ ಏಳುತ್ತದೆ. ಹೇಳಿದ್ದನ್ನೇ ಹೇಳುವ ಬದಲು ಬರೆದಿಡಿ ಎಂದು ಕೆಲವರು ಕೇಳಿದ್ದರಿಂದ ಈ ಉತ್ತರಗಳನ್ನು ಬರೆದಿದ್ದೇನೆ. ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಟ್ಟಿಲ್ಲ. ಬೇರೆಯವರ ಮಾತನ್ನು ತಿರುಚಿಯೂ ಇಲ್ಲವೆಂದು ಭಾವಿಸಿದ್ದೇನೆ.

ಪವಿತ್ರಾತ್ಮನೇ ತಿಳಿಸಿಕೊಡುವಾಗ ವ್ಯಾಖ್ಯಾನದ ನಿಯಮಗಳು ಏಕೆ ಬೇಕು?

ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯ ಬಳಿಗೆ ಫಿಲಿಪ್ಪನನ್ನು ಕಳುಹಿಸಿದವನು ಪವಿತ್ರಾತ್ಮನೇ. ಆದರೂ ಅರ್ಥವನ್ನು ಬಿಡಿಸಿ ಹೇಳಿದ್ದು ಫಿಲಿಪ್ಪನ ಬಾಯಿ (ಅಪೊಸ್ತಲರ ಕೃತ್ಯಗಳು 8). ನೆಹೆಮೀಯನ ಕಾಲದಲ್ಲಿ ಲೇವಿಯರು ಧರ್ಮಶಾಸ್ತ್ರವನ್ನು ಓದುವುದರ ಜೊತೆಗೆ ಜನರಿಗೆ ಅರ್ಥವಾಗುವಂತೆ ವಿವರಿಸಿದರು. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ ಎಂದು ಪೇತ್ರನ ಎರಡನೆಯ ಪತ್ರವೇ ಒಪ್ಪಿಕೊಳ್ಳುತ್ತದೆ. ಆತ್ಮನ ಸಹಾಯವನ್ನೂ ಓದುವ ಶ್ರಮವನ್ನೂ ಒಂದಕ್ಕೊಂದು ಎದುರು ನಿಲ್ಲಿಸುವುದು ಸತ್ಯವೇದದ ರೀತಿಯಲ್ಲ.

ಶ್ರಮ ಎಲ್ಲಿ ಬೇಕಾಗುತ್ತದೆ ಎಂಬುದನ್ನು ನನಗೆ ಕಲಿಸಿದವರು ಮಾನ್ವಿ ಕಡೆಯ ಒಬ್ಬ ಹಿರಿಯ ರೈತರು. ಮತ್ತಾಯ 13ರಲ್ಲಿರುವ ಬಿತ್ತುವವನ ಸಾಮ್ಯವನ್ನು ಓದುತ್ತಿದ್ದಾಗ ಅವರು ನಡುವೆಯೇ ತಡೆದು, "ಇವನೆಂಥ ಒಕ್ಕಲುಮಗ ರೀ, ದಾರಿಮ್ಯಾಗ ಯಾಕ ಬಿತ್ತಿದ?" ಎಂದು ಕೇಳಿದರು. ನಮ್ಮಲ್ಲಿ ಕೂರಿಗೆಯ ಬಟ್ಟಲಿಗೆ ಕಾಳನ್ನು ಬೆರಳ ಸಂದಿಯಿಂದ ಲೆಕ್ಕ ಹಿಡಿದು ಬಿಡುತ್ತಾರೆ. ಕಾಳು ಸಾಲಿನಲ್ಲೇ ಬೀಳುತ್ತದೆ. ಯೇಸುವಿನ ಕಾಲದ ಗಲಿಲಾಯದಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದರು, ಹೊಲದ ನಡುವೆಯೇ ಜನ ನಡೆದು ಗಟ್ಟಿಯಾದ ಕಾಲುದಾರಿ ಇರುತ್ತಿತ್ತು. ಅಷ್ಟು ತಿಳಿದರೆ ಬಿತ್ತುವವನು ಬೇಜವಾಬ್ದಾರಿಯವನಾಗಿ ಕಾಣುವುದಿಲ್ಲ, ಕಥೆಯ ಭಾರ ನೆಲದ ಮೇಲೆ ಬೀಳುತ್ತದೆ. ಬಂಡೆಯ ನೆಲವನ್ನು ಮಾತ್ರ ಆ ರೈತರಿಗೆ ನಾನು ವಿವರಿಸಬೇಕಾಗಲಿಲ್ಲ. ಗೇಣುದ್ದ ಮಸಾರಿ ಮಣ್ಣಿನ ಕೆಳಗೆ ಕಲ್ಲಿರುವ ಹೊಲದಲ್ಲಿ ಮೊಳಕೆ ಬೇಗ ಏಳುತ್ತದೆ, ಎರಡು ಬಿಸಿಲಿಗೆ ಬಾಡುತ್ತದೆ ಎಂದು ಅವರೇ ನಮಗೆ ಹೇಳಿದರು. ಸಂತೋಷದಿಂದ ವಾಕ್ಯವನ್ನು ಅಂಗೀಕರಿಸಿ, ಬೇರಿಲ್ಲದೆ, ಕೆಲವು ಕಾಲ ಮಾತ್ರ ನಿಲ್ಲುವವನು ಎಂದು ಯೇಸು ಹೇಳಿದ್ದು ಇಂಥ ನೆಲವನ್ನೇ. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ಸುತ್ತಲೇ ಸುತ್ತುತ್ತವೆ.

ಕಷ್ಟವಾದ ವಾಕ್ಯವನ್ನು ಸ್ಪಷ್ಟವಾದ ವಾಕ್ಯದಿಂದ ಅರ್ಥಮಾಡಿಕೊಳ್ಳಬೇಕು ಎನ್ನುತ್ತಾರೆ. ಹಾಗೆಂದರೇನು?

ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ರಾಜನ ಶಾಸನಗಳನ್ನು 1837ರ ಹೊತ್ತಿಗೇ ವಿದ್ವಾಂಸರು ಓದಿದ್ದರು, ಆತ ಅಶೋಕನೇ ಇರಬೇಕೆಂದು ಊಹಿಸಿಯೂ ಇದ್ದರು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನ ಅಶೋಕ ಎಂಬ ಹೆಸರನ್ನೇ ನೇರವಾಗಿ ಹೇಳಿತು. ಆ ಒಂದು ಬಂಡೆಯ ಬೆಳಕಿನಲ್ಲಿ ಉಳಿದ ಶಾಸನಗಳ ಒಡೆಯ ಯಾರೆಂಬುದು ಖಚಿತವಾಯಿತು. ಶಾಸ್ತ್ರವನ್ನು ಶಾಸ್ತ್ರದಿಂದಲೇ ಅರ್ಥೈಸುವುದು ಎಂದರೆ ಸರಿಸುಮಾರು ಇದೇ.

ಆದರೆ ಈ ನಿಯಮದಲ್ಲಿ ಒಂದು ಮೋಸವೂ ಅಡಗಿದೆ. ಯಾವುದು ಸ್ಪಷ್ಟ, ಯಾವುದು ಅಸ್ಪಷ್ಟ ಎಂದು ತೀರ್ಮಾನಿಸುವವರು ಯಾರು? ಒಬ್ಬರಿಗೆ ಯೇಸುವಿನ ಕುರಿಗಳು ಎಂದಿಗೂ ನಾಶವಾಗವೆನ್ನುವ ಯೋಹಾನ 10 ಸೂರ್ಯನಷ್ಟು ಸ್ಪಷ್ಟ, ಬಿದ್ದುಹೋದವರ ಬಗ್ಗೆ ಎಚ್ಚರಿಸುವ ಇಬ್ರಿಯರಿಗೆ 6 ಮಬ್ಬು. ಇನ್ನೊಬ್ಬರಿಗೆ ಇದು ತಿರುಗುಮುರುಗು. ಹಲವು ಸಲ 'ಸ್ಪಷ್ಟ' ಎಂಬುದಕ್ಕೆ 'ನಮ್ಮ ಸಭೆಯಲ್ಲಿ ಹೆಚ್ಚು ಓದುವ' ಎಂಬುದಕ್ಕಿಂತ ಬೇರೆ ಅರ್ಥವಿರುವುದಿಲ್ಲ. ಮಸ್ಕಿಯ ಶಾಸನ ಬೇರೆ ಶಾಸನಗಳನ್ನು ಅಳಿಸಲಿಲ್ಲ, ಅವುಗಳನ್ನು ಓದುವ ದಾರಿ ತೋರಿಸಿತು. ಒಂದು ವಾಕ್ಯವನ್ನು ಹಿಡಿದು ಇನ್ನೊಂದರ ಬಾಯಿ ಮುಚ್ಚಿಸಿದರೆ ಅದು ವ್ಯಾಖ್ಯಾನವಲ್ಲ.

ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡನ್ನು ದೇವರು ನನಗೇ ಕೊಟ್ಟ ಮಾತೆಂದು ಹಿಡಿದುಕೊಳ್ಳಬಹುದೇ?

ಡಿಸೆಂಬರ್ 31ರ ರಾತ್ರಿ ಸ್ಟೀಲ್ ತಟ್ಟೆಯಲ್ಲಿ ಮಗುಚಿಟ್ಟ ಕಾರ್ಡುಗಳಿಂದ ಒಂದನ್ನು ಎತ್ತಿಕೊಳ್ಳುವ ಪದ್ಧತಿ ನಮ್ಮ ಭಾಗದ ಅನೇಕ ಸಭೆಗಳಲ್ಲಿದೆ. ನಮ್ಮ ಅಧ್ಯಯನಕ್ಕೆ ಬರುವ ಒಬ್ಬ ಅಜ್ಜಿಯ ಸತ್ಯವೇದದ ಪ್ಲಾಸ್ಟಿಕ್ ಹೊದಿಕೆಯೊಳಗೆ ಫಿಲಿಪ್ಪಿಯವರಿಗೆ 1:6ರ ಕಾರ್ಡು ಅಂಚು ಸವೆದು, ಮಡಿಕೆಯಲ್ಲಿ ಅಕ್ಷರ ಹೋಗಿ, ಹಲವು ವರ್ಷಗಳಿಂದ ಇದೆ. ಒಳ್ಳೆಯ ಕೆಲಸವನ್ನು ಆರಂಭಿಸಿದವನು ಅದನ್ನು ಸಿದ್ಧಿಗೆ ತರುವನು ಎಂಬ ಭರವಸೆ ಅದರಲ್ಲಿದೆ. ಆ ಅಜ್ಜಿಯ ಸಮಾಧಾನವನ್ನು ಕೆಡಿಸುವುದು ನನ್ನ ಉದ್ದೇಶವಲ್ಲ. ಆದರೂ ಇಬ್ರಿಯರಿಗೆ 6:4 ಅಚ್ಚಾಗಿರುವ ವಾಗ್ದಾನದ ಕಾರ್ಡನ್ನು ನಾನು ಇದುವರೆಗೆ ನೋಡಿಲ್ಲ ಎಂಬುದನ್ನು ಹೇಳಲೇಬೇಕು.

ಹೊಸ ಒಡಂಬಡಿಕೆಗೆ ಈಗಿರುವ ವಾಕ್ಯಸಂಖ್ಯೆಗಳನ್ನು ಕೊಟ್ಟವನು ಪ್ಯಾರಿಸ್ಸಿನ ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಹುಡುಕಲು ಅನುಕೂಲವಾಗಲೆಂದು ಹಾಕಿದ ಗುರುತುಗಳು ಅವು. ಆ ಗುರುತಿನ ಕಡೆಯೇ ಅರ್ಥದ ಗಡಿ ಎಂದು ನಾವು ಓದತೊಡಗಿದ್ದೇವೆ. ಇನ್ನೊಂದು ಸೂಕ್ಷ್ಮ ಕನ್ನಡದ್ದೇ. ಪೌಲನು 'ನಿಮ್ಮಲ್ಲಿ' ಎಂದು ಬರೆದದ್ದು ಬಹುವಚನ, ಇಡೀ ಫಿಲಿಪ್ಪಿ ಸಭೆಗೆ ಬರೆದದ್ದು. ಕನ್ನಡದಲ್ಲಿ 'ನಿಮ್ಮಲ್ಲಿ' ಒಬ್ಬರಿಗೆ ತೋರುವ ಗೌರವವೂ ಆಗುವುದರಿಂದ, ಕಾರ್ಡು ಕೈಗೆ ಬಂದಾಗ ದೇವರು ತನ್ನೊಬ್ಬಳೊಡನೆಯೇ ಮರ್ಯಾದೆಯಿಂದ ಮಾತನಾಡಿದಂತೆ ಅಜ್ಜಿಗೆ ಕೇಳಿಸುತ್ತದೆ. ಭರವಸೆ ಅಜ್ಜಿಗೂ ಸೇರಿದ್ದೇ, ಸಭೆಯೊಳಗಿನವಳಾಗಿ ಸೇರಿದ್ದು.

ಯಾವ ಅನುವಾದವನ್ನು ಓದಬೇಕು?

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಸತ್ಯವೇದವನ್ನು ಕನ್ನಡಿಸಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಬಳ್ಳಾರಿಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸಹಜ, ಹುಟ್ಟಿನಿಂದ ಬಳ್ಳಾರಿಯವನಾದ ನಾನೂ ಹೇಳಿಕೊಳ್ಳುತ್ತೇನೆ. ಮುಂದೆ ಪರಿಷ್ಕರಣೆಗಳು ನಡೆದವು, ಹೊಸ ಅನುವಾದಗಳು ಬಂದವು. ಎರಡನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಉತ್ತಮ, ಏಕೆಂದರೆ ಒಂದು ಮುಚ್ಚಿದ್ದನ್ನು ಇನ್ನೊಂದು ತೆರೆಯುತ್ತದೆ. ಕಥೋಲಿಕರು ಬಳಸುವ ಅನುವಾದದಲ್ಲಿ 'ವಿಶ್ವಾಸ' ಎಂದಿರುವಲ್ಲಿ ನಮ್ಮ ಹಳೆಯ ಅನುವಾದದಲ್ಲಿ 'ನಂಬಿಕೆ' ಎಂದಿದೆ. ನಂಬುವವನ ನಂಬಿಕೆಗೂ, ನಂಬಲು ಯೋಗ್ಯನಾದವನನ್ನು ಕುರಿತ 'ನಂಬಿಗಸ್ತ' ಎಂಬ ಮಾತಿಗೂ ಕನ್ನಡದಲ್ಲಿ ಬೇರು ಒಂದೇ. ಗ್ರೀಕಿನ ಪಿಸ್ತಿಸ್ ಮತ್ತು ಪಿಸ್ತೋಸ್ ಪದಗಳಿಗೂ ಹಾಗೆಯೇ. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುವನು ಎಂಬ 2 ತಿಮೊಥೆಯ 2:13ರ ಮಾತು ಹಳೆಯ ಅನುವಾದದ ಓದುಗರಿಗೆ ಬಡಿಯುವಷ್ಟು ಜೋರಾಗಿ ಬೇರೆಯವರಿಗೆ ಬಡಿಯಲಾರದು. ಅದರ ಹಿಂದಿನ ವಾಕ್ಯ, ನಾವು ಆತನನ್ನು ಅಲ್ಲಗಳೆದರೆ ಆತನೂ ನಮ್ಮನ್ನು ಅಲ್ಲಗಳೆಯುವನು ಎನ್ನುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಓದಬೇಕು.

ರಕ್ಷಣೆ ಎಂದರೆ ಆಗಿಹೋದ ಸಂಗತಿಯೋ, ಮುಂದೆ ಆಗುವುದೋ?

ಮೂರು ಕಾಲಗಳಲ್ಲೂ ಪೌಲನು ಮಾತನಾಡುತ್ತಾನೆ. ಎಫೆಸದವರಿಗೆ 2:8ರಲ್ಲಿ ಅವರು ರಕ್ಷಣೆ ಹೊಂದಿದವರಾಗಿದ್ದಾರೆ. 1 ಕೊರಿಂಥದವರಿಗೆ 1:18ರಲ್ಲಿ ರಕ್ಷಣೆ ಹೊಂದುತ್ತಾ ಇದ್ದಾರೆ. ರೋಮಾಪುರದವರಿಗೆ 5:9ರಲ್ಲಿ ಮುಂದೆ ಬರುವ ಕೋಪದಿಂದ ರಕ್ಷಣೆ ಹೊಂದುವರು. ದೇವರು ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುವುದು ಮೊದಲನೆಯದಕ್ಕೆ, ಪವಿತ್ರೀಕರಣ ಎರಡನೆಯದಕ್ಕೆ, ಮಹಿಮೆ ಹೊಂದುವುದು ಮೂರನೆಯದಕ್ಕೆ ಸೇರುತ್ತವೆ ಎಂದು ಸ್ಥೂಲವಾಗಿ ಹೇಳಬಹುದು. ನಮ್ಮ ವಾದಗಳಲ್ಲಿ ಅರ್ಧದಷ್ಟು ಹುಟ್ಟುವುದು, ಒಬ್ಬರು ಮೊದಲನೆಯ ಕಾಲವನ್ನು, ಇನ್ನೊಬ್ಬರು ಮೂರನೆಯ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡು 'ರಕ್ಷಣೆ' ಎಂಬ ಒಂದೇ ಪದವನ್ನು ಬಳಸುವುದರಿಂದ.

ಪೌಲನೂ ಯಾಕೋಬನೂ ಒಬ್ಬರಿಗೊಬ್ಬರು ವಿರುದ್ಧವಲ್ಲವೇ?

ಅಲ್ಲ. ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ. ಪೌಲನು ಆದಿಕಾಂಡ 15ರಲ್ಲಿ ಅವನು ದೇವರನ್ನು ನಂಬಿದ ಗಳಿಗೆಯನ್ನು ಹಿಡಿದರೆ, ಯಾಕೋಬನು ಅದೇ ವಾಕ್ಯವನ್ನು ಆದಿಕಾಂಡ 22ರವರೆಗೆ, ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ದಿನದವರೆಗೆ ಒಯ್ಯುತ್ತಾನೆ. ಕ್ರಿಯೆಗಳಿಂದ ದೇವರ ಮೆಚ್ಚುಗೆ ಗಳಿಸಬಹುದು ಎಂಬವರಿಗೆ ಪೌಲನ ಉತ್ತರ, ಬಾಯಲ್ಲಿ ಮಾತ್ರ ನಂಬಿಕೆ ಇರುವವರಿಗೆ ಯಾಕೋಬನ ಉತ್ತರ.

ಹೊಂದಿದ ರಕ್ಷಣೆಯನ್ನು ಕಳೆದುಕೊಳ್ಳಬಹುದೇ? ಬೇರೆ ಬೇರೆ ಸಭೆಗಳು ಏನು ಹೇಳುತ್ತವೆ?

ಕಡೇವರೆಗೆ ತಾಳುವುದೂ ದೇವರ ವರವೇ ಎಂದು ಆದಿಸಭೆಯ ಬೋಧಕ ಅಗಸ್ಟೀನನು ತನ್ನ ಕೊನೆಯ ವರ್ಷಗಳಲ್ಲಿ ಬರೆದನು. ಆದರೆ ಆ ವರ ತನಗಿದೆಯೆಂದು ಬದುಕಿರುವಾಗ ಯಾರೂ ಖಚಿತವಾಗಿ ಹೇಳಲಾರರೆಂದೂ ಸೇರಿಸಿದನು. 1547ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ಇದೇ ದಾರಿಯಲ್ಲಿ ನಡೆಯಿತು: ಮಾರಕ ಪಾಪದಿಂದ ಕೃಪೆ ನಷ್ಟವಾಗಬಹುದು, ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ದೊರಕಬಹುದು, ವಿಶೇಷ ಪ್ರಕಟಣೆಯಿಲ್ಲದೆ ಅಂತಿಮ ಸ್ಥಿರತೆಯ ಬಗ್ಗೆ ನಿಶ್ಚಯವಿರದು. ನಮ್ಮ ಕಥೋಲಿಕ ನೆರೆಯವರು ಇದನ್ನು ಹೇಳಿದಾಗ ಅವರು ಕ್ರಿಯೆಗಳಿಂದ ರಕ್ಷಣೆ ಕೊಳ್ಳುತ್ತಾರೆಂದು ಆಪಾದಿಸುವುದು ಅನ್ಯಾಯ. ನೀತಿವಂತಿಕೆಯು ಕೃಪೆಯಿಂದಲೇ ಎಂಬ ಮೂಲ ಮಾತನ್ನು ಲುಥರನ್ ಸಭೆಗಳೂ ಕಥೋಲಿಕ ಸಭೆಯೂ 1999ರಲ್ಲಿ ಒಟ್ಟಾಗಿ ಸಹಿ ಮಾಡಿ ಘೋಷಿಸಿವೆ, 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸೇರಿಕೊಂಡಿದ್ದಾರೆ.

ನೆದರ್ಲೆಂಡ್ಸಿನಲ್ಲಿ ದೇವಶಾಸ್ತ್ರಜ್ಞ ಆರ್ಮಿನಿಯಸನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿಯನ್ನು ಸಲ್ಲಿಸಿದಾಗ, ಐದನೆಯ ಅಂಶದಲ್ಲಿ ವಿಶ್ವಾಸಿಯು ಬಿದ್ದುಹೋಗಬಹುದೇ ಎಂಬುದನ್ನು ಶಾಸ್ತ್ರದಿಂದ ಇನ್ನೂ ಪರಿಶೀಲಿಸಬೇಕೆಂದು ತೆರೆದೇ ಇಟ್ಟಿದ್ದರು. ಈ ಪ್ರಾಮಾಣಿಕತೆ ನನಗೆ ಇಷ್ಟ. 1618 ಮತ್ತು 1619ರಲ್ಲಿ ಅಲ್ಲಿನ ಡಾರ್ಟ್ ಪಟ್ಟಣದಲ್ಲಿ ಸೇರಿದ ಸಭೆ, ನಿಜವಾದ ವಿಶ್ವಾಸಿಗಳು ಬಿದ್ದುಹೋಗಲಾರರು ಎಂದು ತೀರ್ಮಾನಿಸಿತು. ಅದರ ಜೊತೆಯಲ್ಲೇ ಆ ಸಭೆ ಹೇಳಿದ ಇನ್ನೆರಡು ಮಾತುಗಳನ್ನು ಇಂದು ಅದರ ಹೆಸರು ಹೇಳುವವರೇ ಮರೆತಿದ್ದಾರೆ: ದಾವೀದನಂತೆ, ಪೇತ್ರನಂತೆ ದೇವಜನರು ಘೋರ ಪಾಪದಲ್ಲಿ ಬೀಳಬಲ್ಲರು, ದೇವರು ಅವರನ್ನು ಕಾಯುವುದು ವಾಕ್ಯದ ವಾಗ್ದಾನಗಳಿಂದ ಮಾತ್ರವಲ್ಲ, ಅದರ ಎಚ್ಚರಿಕೆ ಮತ್ತು ಬೆದರಿಕೆಗಳಿಂದಲೂ. ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1751ರಲ್ಲಿ ಇದಕ್ಕೆ ವಿರುದ್ಧವಾಗಿ, ನಿಜವಾದ ವಿಶ್ವಾಸಿಯೂ ಕಡೆಗೆ ಬಿದ್ದುಹೋಗಬಲ್ಲನೆಂದು ವಾದಿಸಿ ಬರೆದನು. ರಾಯಚೂರಿನ ಮೆಥೋಡಿಸ್ಟರಿಗೆ ಇದು ಮನೆಯ ಮಾತು, ಪೆಂತೆಕೊಸ್ತ್ ಸಭೆಗಳಲ್ಲಿ ಹೆಚ್ಚಿನವರ ಮಾತೂ ಇದೇ.

ನಾನು ಡಾರ್ಟಿನ ಕಡೆಗೆ ವಾಲಿದವನು. ಯೋಹಾನ 10:28ರಲ್ಲಿ ತನ್ನ ಕುರಿಗಳು ಎಂದಿಗೂ ನಾಶವಾಗುವುದೇ ಇಲ್ಲವೆಂದು ಯೇಸು ಹೇಳುವಾಗ ಗ್ರೀಕಿನಲ್ಲಿರುವುದು ಎರಡು ನಕಾರಗಳನ್ನು ಜೋಡಿಸಿದ, ಆ ಭಾಷೆಯ ಅತ್ಯಂತ ಗಟ್ಟಿಯಾದ ನಿರಾಕರಣೆ. ಆದರೆ 27ನೆಯ ವಾಕ್ಯ ಆ ಕುರಿಗಳು ಯಾವುವೆಂದು ಹೇಳುತ್ತದೆ: ಅವು ಆತನ ಸ್ವರಕ್ಕೆ ಕಿವಿಗೊಡುತ್ತವೆ, ಆತನ ಹಿಂದೆ ಹೋಗುತ್ತವೆ. ಹಿಂದೆ ಹೋಗದ ಕುರಿಗೆ ಆ ಭರವಸೆಯನ್ನು ಅಂಟಿಸಲು ನನಗೆ ಅಧಿಕಾರವಿಲ್ಲ.

ಹಾಗಾದರೆ ಇಬ್ರಿಯರಿಗೆ 6ನೆಯ ಅಧ್ಯಾಯವನ್ನು ಏನು ಮಾಡುವಿರಿ?

ಸುಲಭವಾಗಿ ದಾಟಿಸುವುದಿಲ್ಲ. ಬೆಳಕನ್ನು ಹೊಂದಿ, ಪರಲೋಕದ ದಾನದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲುಗಾರರಾಗಿ, ನಂತರ ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯ ಎಂದು ಅದು ಹೇಳುತ್ತದೆ. ಅವರು ನಾಲಿಗೆಯ ತುದಿಗೆ ಮಾತ್ರ ತಗುಲಿಸಿಕೊಂಡವರು, ಅಸಲಿ ವಿಶ್ವಾಸಿಗಳಲ್ಲ ಎಂದು ನನ್ನ ಕಡೆಯವರೇ ಹೇಳುವುದುಂಟು. ಅದು ನಿಲ್ಲುವುದಿಲ್ಲ: ಯೇಸು ಎಲ್ಲರಿಗಾಗಿ ಮರಣವನ್ನು ಅನುಭವಿಸಿದನು ಎನ್ನುವ 2:9ರಲ್ಲಿ ಗ್ರೀಕಿನಲ್ಲಿರುವುದು ಇದೇ 'ರುಚಿ ನೋಡು' ಎಂಬ ಕ್ರಿಯಾಪದ, ಆತನು ಮರಣವನ್ನು ತುದಿನಾಲಿಗೆಯಿಂದ ಮುಟ್ಟಿದನೆಂದು ಯಾರೂ ಹೇಳರು.

ಅರ್ಥಕ್ಕೆ ಸಹಾಯ ಸಿಗುವುದು ಮುಂದಿನ ಎರಡು ವಾಕ್ಯಗಳಿಂದ. ಮೇಲಿಂದ ಮೇಲೆ ಬೀಳುವ ಮಳೆಯನ್ನು ಹೀರಿಕೊಂಡ ಒಂದು ಭೂಮಿ ಬೆಳೆ ಕೊಡುತ್ತದೆ; ಇನ್ನೊಂದು ಮುಳ್ಳುಗಿಡಗಳನ್ನು ಬೆಳೆಸಿ ಸುಡಲ್ಪಡುವ ಸ್ಥಿತಿಗೆ ಬರುತ್ತದೆ. ಮಳೆ ಎರಡಕ್ಕೂ ಒಂದೇ. ಎರಡು ಮಳೆಗಾಲ ಬೀಳುಬಿಟ್ಟ ಹೊಲದಲ್ಲಿ ಬಳ್ಳಾರಿ ಜಾಲಿ ಹೇಗೆ ಎದ್ದು ನಿಲ್ಲುತ್ತದೆಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗಿಡವೂ ಹಸಿರೇ, ಅದೂ ಮಳೆಯಿಂದಲೇ ಬೆಳೆದದ್ದು, ಸಮೀಪ ಹೋದಾಗ ಮಾತ್ರ ಮುಳ್ಳು ತಿಳಿಯುತ್ತದೆ. ಸಭೆಯೊಳಗಿದ್ದು ಕೃಪೆಯ ಮಳೆಯಲ್ಲಿ ನಿಜವಾಗಿ ನೆನೆದವರಿಗೂ ಫಲವಿಲ್ಲದೆ ಹೋಗುವುದು ಸಾಧ್ಯ ಎಂದು ಲೇಖಕನು ಹೇಳುತ್ತಿದ್ದಾನೆ. ಕೂಡಲೇ 9ನೆಯ ವಾಕ್ಯದಲ್ಲಿ, ನಾವು ಹೀಗೆ ಮಾತನಾಡಿದರೂ ಪ್ರಿಯರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಉತ್ತಮವಾದವುಗಳನ್ನು, ರಕ್ಷಣೆಗೆ ಸೇರಿದವುಗಳನ್ನು ನಿಶ್ಚಯವಾಗಿ ನಂಬಿದ್ದೇವೆ ಎನ್ನುತ್ತಾನೆ. 'ರಕ್ಷಣೆಗೆ ಸೇರಿದವು' ಮುಂಚಿನ ಪಟ್ಟಿಗಿಂತ ಉತ್ತಮವಾದವು ಎಂಬುದರ ಮೇಲೆ ನನ್ನ ಓದು ನಿಂತಿದೆ. ವೆಸ್ಲಿಯ ಕಡೆಯವರು ಇದನ್ನು ಬೇರೆಯಾಗಿ ಓದುತ್ತಾರೆ. ಪಟ್ಟಿಯ ಭಾರವನ್ನು ಎತ್ತಿಹಿಡಿಯುವ ಅವರ ವಾದವನ್ನು ಹಗುರವಾಗಿ ಕಾಣಲಾಗದು.

ದೇವರೇ ಕಾಯುವನಾದರೆ ಎಚ್ಚರಿಕೆಗಳು ಯಾರಿಗಾಗಿ?

ಈ ಪ್ರಶ್ನೆಗೆ ಸತ್ಯವೇದದ ಅತ್ಯುತ್ತಮ ಉತ್ತರ ಒಂದು ಹಡಗಿನ ಕಥೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಪೊಸ್ತಲರ ಕೃತ್ಯಗಳು 27ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನರಿದ್ದಾರೆ. ಹಡಗು ಹೋದರೂ ಒಬ್ಬರ ಪ್ರಾಣವೂ ಹೋಗುವುದಿಲ್ಲವೆಂದು ದೇವದೂತನ ಮೂಲಕ ಪೌಲನಿಗೆ ಮಾತು ಸಿಕ್ಕಿದೆ, ಅದನ್ನು ಅವನು ಎಲ್ಲರಿಗೂ ಹೇಳಿಯೂ ಇದ್ದಾನೆ. ಕೆಲವು ರಾತ್ರಿಗಳ ನಂತರ, ಮುಂಭಾಗದಿಂದ ಲಂಗರು ಬಿಡುವ ನೆಪದಲ್ಲಿ ನಾವಿಕರು ದೋಣಿಯನ್ನು ಸಮುದ್ರಕ್ಕೆ ಇಳಿಸಿ ಪರಾರಿಯಾಗಲು ನೋಡುತ್ತಾರೆ. ಆಗ ಪೌಲನು ಶತಾಧಿಪತಿಗೆ, ಇವರು ಹಡಗಿನಲ್ಲಿ ನಿಲ್ಲದೆ ಹೋದರೆ ನೀವು ಉಳಿಯಲಾರಿರಿ ಎನ್ನುತ್ತಾನೆ. ಸಿಪಾಯಿಗಳು ಹಗ್ಗ ಕತ್ತರಿಸಿ ದೋಣಿಯನ್ನು ಬಿಟ್ಟುಬಿಡುತ್ತಾರೆ. ಕೊನೆಗೆ ಈಜಬಲ್ಲವರು ಈಜಿ, ಉಳಿದವರು ಹಲಗೆಗಳನ್ನು ಹಿಡಿದು, ಎಲ್ಲರೂ ದಡ ಸೇರುತ್ತಾರೆ.

ವಾಗ್ದಾನ ಸುಳ್ಳಾಗಿರಲಿಲ್ಲ, ಎಚ್ಚರಿಕೆ ನಾಟಕವೂ ಆಗಿರಲಿಲ್ಲ. ದೇವರು ಕೊಟ್ಟ ಮಾತು ನೆರವೇರಿದ್ದು ಆ ಕತ್ತರಿಸಿದ ಹಗ್ಗದ ಮೂಲಕವೇ. ಎಚ್ಚರಿಕೆಗಳು ಭರವಸೆಗೆ ವಿರುದ್ಧವಾದ ಸಾಕ್ಷಿಗಳಲ್ಲ, ಭರವಸೆ ಕೆಲಸ ಮಾಡುವ ಕೈಗಳು ಎಂದು ನಾನು ಓದುವುದು ಇದರಿಂದಾಗಿ.

ಅಂಜನಾದ್ರಿಯ ಮೆಟ್ಟಿಲುಗಳಲ್ಲಿ ತಾಯಿಯ ಹೊಟ್ಟೆಗೆ ಕಚ್ಚಿಕೊಂಡು ಹೋಗುವ ಕೋತಿಮರಿಯನ್ನು ನೋಡಿದ ಕೊಪ್ಪಳದ ಸ್ನೇಹಿತರೊಬ್ಬರು, ಮರ್ಕಟ ನ್ಯಾಯವೋ ಮಾರ್ಜಾಲ ನ್ಯಾಯವೋ ಎಂದು ನನ್ನನ್ನು ಕೇಳಿದ್ದರು. ಮರಿಯೇ ತಾಯಿಯನ್ನು ಹಿಡಿಯುವುದು ಒಂದು, ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವುದು ಇನ್ನೊಂದು; ಶ್ರೀವೈಷ್ಣವರು ಶರಣಾಗತಿಯ ಚರ್ಚೆಯಲ್ಲಿ ಬಳಸುವ ಜೋಡಿ ಉಪಮೆ. ಫಿಲಿಪ್ಪಿಯವರಿಗೆ 2:12 ಮತ್ತು 13 ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಒಗ್ಗುವುದಿಲ್ಲ. ಮನೋಭೀತಿಯಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ, ಏಕೆಂದರೆ ನಿಮ್ಮಲ್ಲಿ ಸಂಕಲ್ಪವನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ ಎನ್ನುತ್ತಾನೆ ಪೌಲ. ಹಿಡಿದವನು ಆತನು, ಆತನು ಹಿಡಿದಿರುವುದರಿಂದಲೇ ಮರಿಯ ಕೈಗೂ ಹಿಡಿತ ಬರುತ್ತದೆ.

'ಕಡೇವರೆಗೂ ತಾಳುವವನು ರಕ್ಷಣೆ ಹೊಂದುವನು' ಎಂಬುದೂ 'ತಾಳಿದವನು ಬಾಳಿಯಾನು' ಎಂಬುದೂ ಒಂದೇ ಅಲ್ಲವೇ?

ಕಿವಿಗೆ ಒಂದೇ, ಅರ್ಥಕ್ಕೆ ಅಲ್ಲ. ಗಾದೆ ದಿನನಿತ್ಯದ ಸೈರಣೆಯನ್ನು ಹೊಗಳುತ್ತದೆ. ಮತ್ತಾಯ 24:13 ಹಿಂಸೆಯ ನಡುವೆ, ಅಧರ್ಮ ಹೆಚ್ಚಿ ಬಹುಜನರ ಪ್ರೀತಿ ತಣ್ಣಗಾಗುವ ಕಾಲದಲ್ಲಿ ಕ್ರಿಸ್ತನನ್ನು ಬಿಡದಿರುವುದನ್ನು ಕುರಿತದ್ದು. ಅತ್ತೆಯ ಕಾಟವನ್ನು ತಾಳಿಕೊಳ್ಳಲು ಸೊಸೆಗೆ ಈ ವಾಕ್ಯವನ್ನು ಉಪದೇಶಿಸುವುದನ್ನು ನಾನು ಕೇಳಿದ್ದೇನೆ. ಅದು ವಾಕ್ಯಕ್ಕೂ ಸೊಸೆಗೂ ಮಾಡುವ ಅನ್ಯಾಯ.

ರಕ್ಷಣೆ ಖಚಿತ ಎಂದರೆ ಜನ ಹೇಗೆ ಬೇಕಾದರೂ ಬದುಕುವುದಿಲ್ಲವೇ?

'ಒಮ್ಮೆ ಕೈ ಎತ್ತಿದೆ, ಇನ್ನು ಚಿಂತೆಯಿಲ್ಲ' ಎಂಬ ಬೋಧನೆಗೆ ಹಾಗೆ ಆಗುತ್ತದೆ, ನಾನೂ ನೋಡಿದ್ದೇನೆ. ಕೂಟದಲ್ಲಿ ಕೈ ಎತ್ತಿದ ದಿನಾಂಕವನ್ನು ಆಧಾರವಾಗಿಟ್ಟುಕೊಳ್ಳಲು ಹೊಸ ಒಡಂಬಡಿಕೆ ಎಲ್ಲಿಯೂ ಹೇಳುವುದಿಲ್ಲ. ನಿತ್ಯಜೀವವಿದೆ ಎಂದು ತಿಳಿಯಲೆಂದೇ ಬರೆದಿದ್ದೇನೆ ಎನ್ನುವ ಯೋಹಾನನ ಮೊದಲನೆಯ ಪತ್ರ, ಆ ತಿಳಿವನ್ನು ಇಂದಿನ ನಂಬಿಕೆಗೆ, ಸಹೋದರಪ್ರೀತಿಗೆ, ಆಜ್ಞೆಗಳಿಗೆ ವಿಧೇಯರಾಗುವುದಕ್ಕೆ ಕಟ್ಟುತ್ತದೆ.

ಬೆಂಗಳೂರಿಗೆ ಕೆಲಸಕ್ಕೆ ಹೋದ ನನ್ನ ಮಗ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಅವನು ಎಂದೂ ವಿಶ್ವಾಸಿಯಾಗಿರಲೇ ಇಲ್ಲವೇ?

ತಾಯಿಯೊಬ್ಬರು ಕೇಳಿದ್ದು. ಅವರು ನಮ್ಮಿಂದ ಹೊರಟುಹೋದರು, ಆದರೆ ನಮ್ಮವರಾಗಿರಲಿಲ್ಲ ಎಂಬ 1 ಯೋಹಾನ 2:19ನ್ನು ಯಾರೋ ಅವರಿಗೆ ಓದಿ ಹೇಳಿದ್ದರು. ಆ ವಾಕ್ಯ ಕ್ರಿಸ್ತನನ್ನೇ ಅಲ್ಲಗಳೆದು ಎದುರು ಪಕ್ಷ ಕಟ್ಟಿದ ಬೋಧಕರ ಬಗ್ಗೆ ಇದೆ. ಮೂರು ಪಾಳಿಯಲ್ಲಿ ದುಡಿದು ಭಾನುವಾರ ಮಲಗುವ ಹುಡುಗನ ಮೇಲೆ ಅದನ್ನು ಹೊರಿಸುವ ಮೊದಲು ಹತ್ತು ಸಲ ಯೋಚಿಸಬೇಕು.

ಒಂದೇ ರಾತ್ರಿ ಪೇತ್ರನೂ ಯೂದನೂ ಬಿದ್ದರು. ಕೋಳಿ ಕೂಗಿದ ಹೊತ್ತಿಗೆ ಇಬ್ಬರಲ್ಲಿ ವ್ಯತ್ಯಾಸ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಪೇತ್ರನ ನಂಬಿಕೆ ಕುಂದಿಹೋಗಬಾರದೆಂದು ಯೇಸು ಮೊದಲೇ ಬೇಡಿಕೊಂಡಿದ್ದನೆಂಬುದು ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದವರಿಗೆ ಗೊತ್ತಿರಲಿಲ್ಲ. ಇಹಲೋಕವನ್ನು ಪ್ರೀತಿಸಿ ದೇಮನು ನನ್ನನ್ನು ಬಿಟ್ಟುಹೋದನು ಎಂದು 2 ತಿಮೊಥೆಯ 4:10ರಲ್ಲಿ ಪೌಲನು ನೊಂದು ಬರೆಯುತ್ತಾನೆ. ಮುಂದಿನ ವಾಕ್ಯದಲ್ಲೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎನ್ನುತ್ತಾನೆ. ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹೋದವನೆಂದು ಹಿಂದೊಮ್ಮೆ ಪೌಲನೇ ಜೊತೆಗೆ ಬೇಡವೆಂದಿದ್ದ ಅದೇ ಮಾರ್ಕನನ್ನು. ನಿಮ್ಮ ಮಗ ಈಗ ಯಾವ ವಾಕ್ಯದಲ್ಲಿದ್ದಾನೆಂದು ನನಗೆ ಗೊತ್ತಿಲ್ಲ, ಅಮ್ಮ, ನಿಮಗೂ ಗೊತ್ತಿಲ್ಲ. ಪ್ರಾರ್ಥಿಸಿ, ಫೋನು ಮಾಡಿ, ಊಟವಾಯಿತೇ ಎಂದು ಕೇಳಿ, ಮತ್ತು ಅವನಿರುವ ಬಡಾವಣೆಯ ಹತ್ತಿರ ಕನ್ನಡ ಆರಾಧನೆ ಎಲ್ಲಿದೆ ಎಂದು ಸಭಾಪಾಲಕರಿಂದ ತಿಳಿದು ಹೇಳಿ.

ಇದನ್ನೆಲ್ಲ ಸ್ವತಃ ಓದಿ ನೋಡಬೇಕೆಂದರೆ ಎಲ್ಲಿಂದ ಆರಂಭಿಸಲಿ?

ಇಬ್ರಿಯರಿಗೆ ಬರೆದ ಪತ್ರದಿಂದ, ಒಂದೇ ಬಾರಿಗೆ. 13 ಅಧ್ಯಾಯಗಳು, ಗಟ್ಟಿಯಾಗಿ ಓದಿದರೆ ಸುಮಾರು ಒಂದು ಗಂಟೆ. ಲೇಖಕನೇ ಅದನ್ನು ಪ್ರಬೋಧನೆಯ ಮಾತು ಎಂದು ಕರೆದಿದ್ದಾನೆ, ಅಂದರೆ ಮೊದಲು ಅದನ್ನು ಕೇಳಿದವರ ಕೈಯಲ್ಲಿ ಪುಸ್ತಕವಿರಲಿಲ್ಲ, ಕಿವಿ ಮಾತ್ರ ಇತ್ತು. ಕಳೆದ ಬೇಸಿಗೆಯಲ್ಲಿ ಅಧ್ಯಯನದ ನಡುವೆ ಕರೆಂಟು ಹೋದಾಗ ನಾವು ಹಾಗೆಯೇ ಮಾಡಿದೆವು. ಒಬ್ಬರು ಮೊಬೈಲ್ ಬೆಳಕಿನಲ್ಲಿ ಓದಿದರು, ಉಳಿದವರು ಪುಸ್ತಕ ಮುಚ್ಚಿ ಕುಳಿತೆವು. ಮೂರನೆಯ ಅಧ್ಯಾಯದಲ್ಲಿ ದಿನಾಲೂ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂಬ ಮಾತು ಬಂದಾಗ, ಕಾರ್ಡಿನ ಅಜ್ಜಿ ಕತ್ತಲಲ್ಲಿ, "ಇನ್ನೊಮ್ಮೆ ಓದ್ರಿ ಅದನ್ನ" ಎಂದರು.